ಹದಿನಾಲ್ಕರ ಹುಡುಗಿಗೆ ಬರೆಯೋಕೆ ಏನಿದೆ ಅಂತ ಕೇಳಿದ್ದೀರಿ

ದಾವಣಗೆರೆಯ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಮಗಳು ಒಂಬತ್ತನೇ ಕ್ಲಾಸು. ಕನ್ನಡ ಟೀಚರ್ ‘ನಿಮ್ಮ ಮನೆಯಲ್ಲಿ ನಡೆದ, ಮರೆಯೋಕೆ ಆಗದ ಒಂದು ಸಂಗತಿ ಬರೆದುಕೊಂಡು ಬನ್ನಿ’ ಎಂದರಂತೆ. ಹುಡುಗಿ, ಅಪ್ಪ ಬಟ್ಟೆ ಅಂಗಡಿ ಮುಚ್ಚಿದ ದಿನದ ಬಗ್ಗೆ ಬರೆದಳು. ಅಂಗಡಿಯ ಬೋರ್ಡನ್ನು ಮನೆಗೆ ತಂದು ಮಂಚದ ಕೆಳಗೆ ಇಟ್ಟಿದ್ದನ್ನೂ ಬರೆದಳು. ಅಪ್ಪನಿಗೆ ಬೇಜಾರಾಗಿದೆ. ‘ಮನೆ ಮಾತು ಶಾಲೆಗೆ ಯಾಕೆ ಹೋಗಬೇಕು? ಆ ವಯಸ್ಸಿಗೆ ಜೀವನ ಅಂತ ಏನಿರುತ್ತೆ ಬರೆಯೋಕೆ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಪರೀಕ್ಷೆಗೆ ಬರುವ ಪ್ರಬಂಧ ಕಲಿಸಿದರೆ ಸಾಕಲ್ವಾ? ಹೋಗಿ ದೂರು ಕೊಡಲೇ?’ ಇದು ಅವರ ಕೇಳಿಕೆ.

ದೂರು ಕೊಡಬೇಡಿ, ಸರ್. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಿಮ್ಮ ಆತಂಕದಲ್ಲಿ ಒಂದು ಪಾಲು ನಿಜ. ಮಗು ಬರೆದದ್ದನ್ನು ಇಡೀ ಕ್ಲಾಸಿನ ಮುಂದೆ ಓದಿಸುವುದು, ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ದಾಟಿಸುವುದು, ಇವೆಲ್ಲ ಆಗಬಾರದು. ಬರೆದವರು ಬೇಡ ಅಂದರೆ ಆ ಪುಟವನ್ನು ಟೀಚರ್ ಬಿಟ್ಟು ಇನ್ಯಾರೂ ಓದಬಾರದು. ಇಷ್ಟನ್ನು ಟೀಚರ್ ಹತ್ತಿರ ಧಾರಾಳವಾಗಿ ಕೇಳಿ, ಕೇಳುವ ಹಕ್ಕು ನಿಮಗಿದೆ.

ಉಳಿದದ್ದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಕಾಗದದಲ್ಲಿ ಮಗಳ ಬರಹದಿಂದ ನೀವು ಎತ್ತಿ ಬರೆದದ್ದು ಒಂದೇ ಒಂದು ವಿವರ, ಆ ಬೋರ್ಡಿನದು. ಅಂಗಡಿ ಯಾಕೆ ಮುಚ್ಚಿತು, ಎಷ್ಟು ನಷ್ಟ ಆಯಿತು, ಅದ್ಯಾವುದೂ ಕಾಗದದಲ್ಲಿಲ್ಲ. ಬೋರ್ಡು ಮಾತ್ರ ಇದೆ. ನಿಮ್ಮ ಮನಸ್ಸಿನಲ್ಲಿ ಕೂತದ್ದೂ ಅದೇ, ಅವಳು ಗಮನಿಸಿದ್ದೂ ಅದೇ. ಇಬ್ಬರೂ ಆ ವಿಷಯ ಮಾತಾಡಿರಲಿಕ್ಕಿಲ್ಲ. ಹದಿನಾಲ್ಕರ ಹುಡುಗಿಗೆ ಬರೆಯೋಕೆ ಏನಿದೆ ಅಂತ ಕೇಳಿದಿರಲ್ಲ, ಉತ್ತರವನ್ನು ನೀವೇ ಲಕೋಟೆಯೊಳಗೆ ಹಾಕಿ ಕಳಿಸಿದ್ದೀರಿ.

ಪರೀಕ್ಷೆಯ ಪ್ರಬಂಧದ ಮಾತು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಸಂರಕ್ಷಣೆ. ಗೈಡಿನಲ್ಲಿ ಇದ್ದದ್ದು ಉತ್ತರಪತ್ರಿಕೆಗೆ ಇಳಿಯುತ್ತದೆ, ಅಲ್ಲಿಂದ ಮರೆತೂ ಹೋಗುತ್ತದೆ. ಮಕ್ಕಳ ದಿನಾಚರಣೆಯ ಸಂಚಿಕೆಗೆ ನಮಗೆ ಬರುವ ಬರಹಗಳನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಬೀದರಿನ ಹುಡುಗನೂ ಮಡಿಕೇರಿಯ ಹುಡುಗಿಯೂ ಮಳೆಗಾಲದ ಬಗ್ಗೆ ಒಂದೇ ಪ್ಯಾರಾ ಬರೆದಿರುತ್ತಾರೆ. ಬೀದರಿನ ಮಳೆಯೂ ಮಡಿಕೇರಿಯ ಮಳೆಯೂ ಒಂದೇನಾ? ಈಗ ಗೈಡಿನ ಜಾಗಕ್ಕೆ ಫೋನು ಬಂದಿದೆ, ಕೇಳಿದರೆ ಅರೆ ಗಳಿಗೆಯಲ್ಲಿ ಪ್ರಬಂಧ ಬರೆದುಕೊಡುತ್ತದೆ. ಆದರೆ ಮಂಚದ ಕೆಳಗಿನ ಬೋರ್ಡು ಅದಕ್ಕೆ ಗೊತ್ತಿಲ್ಲ.

ಹಿಂದೊಮ್ಮೆ ಚನ್ನಗಿರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಮಕ್ಕಳ ಜೊತೆ ಕೂತು ಬರೆಸಿದ್ದೆ. ಹಿಂದಿನ ಬೆಂಚಿನ ಹುಡುಗ, ‘ಸರ್, ನಮ್ಮ ಲೈಫಲ್ಲಿ ಏನೂ ಆಗಿಲ್ಲ’ ಅಂದ. ಕಣ್ಣು ಕೆಂಪಗಿದ್ದವು. ರಾತ್ರಿ ಏನು ಮಾಡಿದೆ ಅಂದೆ. ‘ಅಪ್ಪನ ಜೊತೆ ತೋಟಕ್ಕೆ ಹೋಗಿದ್ದೆ, ಮೋಟರ್ ಆನ್ ಮಾಡೋಕೆ.’ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿ ಪ್ರಕಾರ ಬರುತ್ತದೆ, ಎಷ್ಟೋ ಊರಲ್ಲಿ ರಾತ್ರಿ ಹೊತ್ತು. ಅದನ್ನೇ ಬರಿ ಅಂದೆ. ಅವನು ಬರೆದ ಮೊದಲ ವಾಕ್ಯ ‘ರೈತನು ದೇಶದ ಬೆನ್ನೆಲುಬು.’ ಅದನ್ನು ಹೊಡೆದುಹಾಕು, ಕೈಯಲ್ಲಿ ಏನಿತ್ತೋ ಅಲ್ಲಿಂದ ಶುರು ಮಾಡು ಅಂದೆ. ಕೈಯಲ್ಲಿ ಇದ್ದದ್ದು ಟಾರ್ಚು. ಅಪ್ಪ ಮುಂದೆ, ಇವನು ಹಿಂದೆ. ಬೆಳಕು ಅಪ್ಪನ ಪಾದದ ಮುಂದೆಯೇ ಬೀಳಬೇಕು, ಹಾವಿನ ಭಯ. ಸ್ಟಾರ್ಟರ್ ಒತ್ತಿದ ಮೇಲೆ ಪೈಪಿಗೆ ಕಿವಿ ಇಟ್ಟು ಬಂದದ್ದು ನೀರೋ ಗಾಳಿಯೋ ಹೇಳುವುದು ಇವನ ಕೆಲಸ, ಯಾಕೆಂದರೆ ಅಪ್ಪನಿಗೆ ಒಂದು ಕಿವಿ ಮಂದ. ‘ಟಾರ್ಚ್ ಅಲುಗಿದರೆ ಅಪ್ಪ ಬೈಯುತ್ತಾರೆ, ಆದರೆ ಬೈಯುವಾಗಲೂ ಹಿಂದೆ ತಿರುಗುವುದಿಲ್ಲ’ ಅಂತ ಬರೆದ. ಕೊನೆಗೆ, ಬೆಳಿಗ್ಗೆ ಮೊದಲ ಪೀರಿಯಡ್ಡು ಗಣಿತ, ನಿದ್ದೆ ಬರುತ್ತದೆ ಅಂತ ಸೇರಿಸಿದ. ವರ್ಷವಿಡೀ ಸೋಮಾರಿ ಅನ್ನಿಸಿಕೊಂಡ ಹುಡುಗ ಅವನು. ಆ ಒಂದು ಪುಟ ಓದಿದ ಮೇಲೆ ಅವನ ಕನ್ನಡ ಮೇಷ್ಟ್ರು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಇದನ್ನು ‘ಮನಸ್ಸಿಗೆ ಬಂದಂತೆ ಬರಿ’ ಅಂದುಬಿಟ್ಟರೆ ಆಗುವುದಿಲ್ಲ, ಕಲಿಸಬೇಕು. ಜೀವನದ ಬಗ್ಗೆ ಅಲ್ಲ, ಅರ್ಧ ಗಂಟೆಯ ಬಗ್ಗೆ ಬರೆಯೋದು. ‘ತುಂಬಾ ದುಃಖವಾಯಿತು’ ಅನ್ನೋದನ್ನು ತೆಗೆದು, ಆಗ ಅಮ್ಮ ಏನು ಮಾಡುತ್ತಿದ್ದಳು ಅಂತ ಹೇಳೋದು. ಮನೆಯಲ್ಲಿ ಆಡಿದ ಮಾತನ್ನು ಆಡಿದ ಹಾಗೇ ಇಡೋದು, ಲಂಬಾಣಿಯೋ ಉರ್ದುವೋ ಬ್ಯಾರಿಯೋ ಏನಿದ್ದರೂ ಸರಿ. ಆಮೇಲೆ ಎರಡು ದಿನ ಬಿಟ್ಟು ಇನ್ನೊಮ್ಮೆ ಬರೆಯೋದು. ಈ ಇನ್ನೊಮ್ಮೆ ಬರೆಯೋದು ನಮ್ಮ ಶಾಲೆಗಳಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ತಪ್ಪಿಗೆ ಶಿಕ್ಷೆಯಾಗಿ ಹತ್ತು ಸಲ ಬರೆಸುತ್ತಾರೆ, ಚೆನ್ನಾಗಿ ಆಗಲಿ ಅಂತ ಎರಡನೇ ಸಲ ಬರೆಸುವುದಿಲ್ಲ.

ಮನೆ ಮಾತು ಹೊರಗೆ ಹೋಗುವ ನಿಮ್ಮ ಭಯಕ್ಕೆ ನಿಮ್ಮ ಮಗಳ ವಯಸ್ಸಿನವಳೇ ಒಬ್ಬಳು ದಾರಿ ತೋರಿಸಿದ್ದಾಳೆ. ಆ್ಯನ್ ಫ್ರಾಂಕ್ ಆಮ್‌ಸ್ಟರ್‌ಡ್ಯಾಮಿನಲ್ಲಿ ನಾಜಿಗಳಿಂದ ಅಡಗಿಕೊಂಡು ಡೈರಿ ಬರೆದಳು, ಅದು ಎಲ್ಲರಿಗೂ ಗೊತ್ತು. ಆದರೆ ಅವಳು ಅದನ್ನು ತಿದ್ದಿ ಮತ್ತೆ ಬರೆದಳು ಅನ್ನೋದನ್ನು ಜಾಸ್ತಿ ಜನ ಗಮನಿಸಿಲ್ಲ. 1944ರ ಮಾರ್ಚ್‌ನಲ್ಲಿ ಲಂಡನ್ನಿನಿಂದ ರೇಡಿಯೋದಲ್ಲಿ ಡಚ್ ಮಂತ್ರಿಯೊಬ್ಬರು, ಯುದ್ಧ ಮುಗಿದ ಮೇಲೆ ಜನರ ಡೈರಿ, ಕಾಗದಗಳನ್ನು ಕೂಡಿಡಬೇಕು ಎಂದರು. ಆಗ ಅವಳಿಗೆ ಹದಿನಾಲ್ಕು. ಕೆಲವೇ ವಾರಗಳಲ್ಲಿ ಬಿಡಿ ಹಾಳೆಗಳ ಮೇಲೆ ಮತ್ತೆ ಬರೆಯೋಕೆ ಶುರು ಮಾಡಿದಳು. ಕೆಲವನ್ನು ಬಿಟ್ಟಳು, ಕೆಲವನ್ನು ಸೇರಿಸಿದಳು, ಜೊತೆಗಿದ್ದವರ ಹೆಸರು ಬದಲಿಸೋಕೆ ಒಂದು ಪಟ್ಟಿಯನ್ನೇ ಮಾಡಿಕೊಂಡಳು. ಏನನ್ನು ಹೇಳಬೇಕು, ಯಾರನ್ನು ಕಾಪಾಡಬೇಕು ಅಂತ ಆ ಹುಡುಗಿ ತಾನೇ ಯೋಚನೆ ಮಾಡಿದಳು. ಬರೆಯುತ್ತಾ ಬರೆಯುತ್ತಾ ಬರುವ ವಿವೇಕ ಅದು. ಬಾಯಿ ಮುಚ್ಚಿಸಿದರೆ ಬರುವುದಿಲ್ಲ.

ನಮ್ಮಲ್ಲೇ ನೋಡಿ. 1994ರಲ್ಲಿ ಅರವಿಂದ ಮಾಲಗತ್ತಿಯವರ ಆತ್ಮಕಥನ ‘ಗೌರ್ಮೆಂಟ್ ಬ್ರಾಹ್ಮಣ’ ಬಂತು. ದಲಿತ ಹುಡುಗನೊಬ್ಬ ಶಾಲೆಯಲ್ಲಿ, ಊರಲ್ಲಿ ಅನುಭವಿಸಿದ್ದನ್ನು ಅವರು ‘ಮನೆ ಮಾತು’ ಅಂತ ಮನೆಯಲ್ಲೇ ಇಟ್ಟುಕೊಂಡಿದ್ದರೆ ಉಳಿದವರಿಗೆ ಏನು ಗೊತ್ತಾಗುತ್ತಿತ್ತು? ಕುವೆಂಪು ‘ಮಲೆನಾಡಿನ ಚಿತ್ರಗಳು’ ಪ್ರಕಟಿಸಿದ್ದು 1933ರಲ್ಲಿ, ಇನ್ನೂ ಮೂವತ್ತು ತುಂಬಿರಲಿಲ್ಲ. ತನ್ನ ಕಾಡು, ತನ್ನ ಮನೆ, ತನ್ನ ಜನ. ಸ್ವಂತ ಬದುಕಿನ ಸಣ್ಣ ಸಂಗತಿ ಹಿಡಿದು ಬರೆದ ಎಂಥೆಂಥ ಲಲಿತ ಪ್ರಬಂಧಗಳು ಕನ್ನಡದಲ್ಲಿವೆ! ಅವನ್ನು ಪಾಠವಾಗಿ ಇಟ್ಟು ಓದಿಸುತ್ತೇವೆ, ಪ್ರಶ್ನೆಗೆ ಉತ್ತರ ಬರೆಸುತ್ತೇವೆ. ಅದೇ ಥರ ನೀನೂ ನಿನ್ನ ಮನೆಯ ಬಗ್ಗೆ ಬರಿ ಅಂತ ಮಾತ್ರ ಮಗುವಿಗೆ ಹೇಳುವುದಿಲ್ಲ.

ಇಟಲಿಯ ಫ್ಲಾರೆನ್ಸ್ ಹತ್ತಿರದ ಗುಡ್ಡದ ಮೇಲೆ ಬಾರ್ಬಿಯಾನ ಅಂತ ಒಂದು ಪುಟ್ಟ ಊರು. ಸರ್ಕಾರಿ ಶಾಲೆಗಳು ಫೇಲ್ ಮಾಡಿ ಕಳಿಸಿದ ರೈತರ ಮಕ್ಕಳಿಗೆ ಲೊರೆಂಜೊ ಮಿಲಾನಿ ಅನ್ನೋ ಪಾದ್ರಿ ಅಲ್ಲಿ ಪಾಠ ಹೇಳುತ್ತಿದ್ದರು. 1967ರಲ್ಲಿ ಆ ಹುಡುಗರು ಸೇರಿ ತಮ್ಮನ್ನು ಫೇಲ್ ಮಾಡಿದ ಟೀಚರಿಗೆ ಒಂದು ಕಾಗದ ಬರೆದರು. ಅದು ಪುಸ್ತಕವೇ ಆಯಿತು. ಒಂದೊಂದು ಯೋಚನೆಯನ್ನು ಒಂದೊಂದು ಚೀಟಿಯಲ್ಲಿ ಬರೆದು, ಜೋಡಿಸಿ, ಬೇಡದ್ದನ್ನು ಕಿತ್ತು ಬರೆದ ಕಾಗದ ಅದು. ಇಡೀ ಇಟಲಿಯಲ್ಲಿ ಶಿಕ್ಷಣದ ಬಗ್ಗೆ ಜಗಳ ಎಬ್ಬಿಸಿತು. ನಾಲಾಯಕ್ಕು ಅನ್ನಿಸಿಕೊಂಡ ಹುಡುಗರ ಕೆಲಸ!

ಇನ್ನೊಂದು ಕಡೆ ನೋಡಿ. ಬೆಂಗಳೂರಿನಲ್ಲಿ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ಹುಡುಗರು ‘ಕಾಮನ್ ಆ್ಯಪ್’ ಅನ್ನೋ, ಹಲವು ಕಾಲೇಜುಗಳಿಗೆ ಒಂದೇ ಆದ ಅರ್ಜಿಗಾಗಿ ತಮ್ಮ ಬಗ್ಗೆ ಒಂದು ಬರಹ ಬರೆಯಬೇಕು, 650 ಪದ ದಾಟಬಾರದು. ಅಲ್ಲಿಯವರೆಗೆ ತನ್ನ ಬಗ್ಗೆ ಒಂದು ಸಾಲೂ ಬರೆಯದ ಮಗು ಹದಿನೇಳರಲ್ಲಿ ತಬ್ಬಿಬ್ಬಾಗುತ್ತದೆ. ದುಡ್ಡಿದ್ದವರು ಕೌನ್ಸೆಲರ್ ಹಿಡಿಯುತ್ತಾರೆ. ಹೀಗೆ ನನ್ನ ಪರಿಚಯದ ಮನೆಯೊಂದರಲ್ಲಿ ತಯಾರಾದ ಬರಹ ಓದಿದೆ. ಇಂಗ್ಲಿಷು ಥಳಥಳ ಅನ್ನುತ್ತಿತ್ತು, ಹುಡುಗ ಅದರಲ್ಲಿ ಇರಲಿಲ್ಲ. ನಿಮ್ಮ ಮಗಳು ದುಡ್ಡು ಕೊಡದೆ, ಸರ್ಕಾರಿ ಪಠ್ಯಕ್ರಮದ ಕನ್ನಡ ಕ್ಲಾಸಿನಲ್ಲಿ, ಒಬ್ಬ ಟೀಚರಿನ ಸ್ವಂತ ಆಸಕ್ತಿಯಿಂದ ಅದನ್ನು ಕಲಿಯುತ್ತಿದ್ದಾಳೆ.

ಅಂಕದ ಚಿಂತೆಯನ್ನೂ ಬಿಡಿ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಯ ಅಂಕದಲ್ಲಿ ಪ್ರಬಂಧದ ಪಾಲು ಸಣ್ಣದು. ಮಂಚದ ಕೆಳಗಿನ ಬೋರ್ಡಿನ ಬಗ್ಗೆ ಬರೆಯಬಲ್ಲವಳು ಗ್ರಂಥಾಲಯದ ಮಹತ್ವವನ್ನು ನಿದ್ದೆಗಣ್ಣಲ್ಲೂ ಬರೆಯುತ್ತಾಳೆ. ಬರೀ ಗೈಡು ಉರು ಹೊಡೆದವರಿಗೆ ಬೋರ್ಡಿನ ಬಗ್ಗೆ ಬರೆಯೋಕೆ ಆಗುವುದಿಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಸರ್. ಆ ಟೀಚರ್ ಅರವತ್ತು ನೋಟ್‌ಬುಕ್ಕನ್ನು ಮನೆಗೆ ಹೊತ್ತುಕೊಂಡು ಹೋಗಿ ಓದುತ್ತಾರಲ್ಲ, ಅದಕ್ಕೆ ಯಾವ ಟೈಮ್‌ಟೇಬಲ್ಲಿನಲ್ಲೂ ಪೀರಿಯಡ್ಡು ಇಲ್ಲ. ಚುನಾವಣೆ ಕೆಲಸಕ್ಕೆ ಅವರು ಬೇಕು, ಸಮೀಕ್ಷೆಗೆ ಅವರು ಬೇಕು, ಫಲಿತಾಂಶ ಕುಸಿದರೆ ಉತ್ತರ ಕೊಡೋಕೂ ಅವರೇ ಬೇಕು. ಹೊಸದೇನಾದರೂ ಮಾಡಿದರೆ ಪೋಷಕರ ದೂರು. ಹೀಗಾದರೆ ಯಾರು ಕಲಿಸುತ್ತಾರೆ ಹೇಳಿ?

ಇದನ್ನು ಓದುತ್ತಿರುವ ಕನ್ನಡ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಕೋರಿಕೆ. ನಿಮ್ಮ ಕ್ಲಾಸಿನಲ್ಲಿ ಮಕ್ಕಳಿಂದ ಅವರ ಬದುಕಿನ ಬಗ್ಗೆ ಬರೆಸುತ್ತಿದ್ದರೆ ನಮಗೆ ಬರೆಯಿರಿ. ಮಕ್ಕಳ ಬರಹ ಕಳಿಸಬೇಡಿ, ಅದು ಅವರದು. ಯಾವ ಪ್ರಶ್ನೆ ಕೊಟ್ಟಿರಿ, ಮೊದಲ ಸಲ ಏನು ಬಂತು, ಎರಡನೇ ಸಲಕ್ಕೆ ಏನು ಹೇಳಿದಿರಿ, ಮನೆಯವರನ್ನು ಹೇಗೆ ಒಪ್ಪಿಸಿದಿರಿ, ಇಷ್ಟು ಸಾಕು. ಪುಟ ಕೊಡುವ ಜವಾಬ್ದಾರಿ ನಮ್ಮದು.