ಸುಟ್ಟರೆ ಯಾರಿಗೆ ಲಾಭ, ಮೇಷ್ಟ್ರೇ?

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಎರಡನೇ ಮಹಾಯುದ್ಧದ ಸಿನಿಮಾ ನೋಡಿದೆ. ಪರದೆ ತುಂಬ ನಾಜಿ ಸಮವಸ್ತ್ರ, ಬಾವುಟ. ಶೂಟಿಂಗ್ ಮುಗಿದ ಮೇಲೆ ಇವನ್ನೆಲ್ಲ ಸುಟ್ಟುಹಾಕುವುದೇ ಸರಿಯಲ್ವಾ?’

ಸಂಪಾದಕರ ಉತ್ತರ: ಮೇಷ್ಟ್ರೇ, ಪ್ರಶ್ನೆ ಚೆನ್ನಾಗಿದೆ. ಉತ್ತರವನ್ನೂ ನೀವೇ ಕೊಟ್ಟಿದ್ದೀರಿ ನೋಡಿ, ಅದು ಮಾತ್ರ ನನಗೆ ಹಿಡಿಸಲಿಲ್ಲ.

ಮೊದಲಿಗೆ, ಸಾಮಾನ್ಯವಾಗಿ ಸುಡುವುದಿಲ್ಲ. ಅದರಲ್ಲಿ ಜಾಸ್ತಿ ಬಾಡಿಗೆ ಬಟ್ಟೆ. ಹಾಲಿವುಡ್‌ನ ವೆಸ್ಟರ್ನ್ ಕಾಸ್ಟ್ಯೂಮ್ ಕಂಪನಿ 1912ರಿಂದ ಇದೇ ವ್ಯಾಪಾರ ಮಾಡಿಕೊಂಡು ಬಂದಿದೆ. ಉಣ್ಣೆ ಕೋಟು ಹೊಲಿಸುವುದು ದುಬಾರಿ, ಹಾಗಾಗಿ ಒಂದು ಚಿತ್ರ ಮುಗಿದರೆ ಒಗೆದು ಹ್ಯಾಂಗರ್‌ಗೆ ಹಾಕಿ ಮುಂದಿನ ಚಿತ್ರಕ್ಕೆ ಇಡುತ್ತಾರೆ.

ನಿಮ್ಮ ಭಯ ಸುಳ್ಳಲ್ಲ, ಒಪ್ಪಿದೆ. ಕಪ್ಪು ಜನರನ್ನು ಹಿಂಸಿಸುವ ಬಿಳಿಯರ ಗುಂಪಾದ ಅಮೆರಿಕದ ಕು ಕ್ಲುಕ್ಸ್ ಕ್ಲಾನ್‌ಗೆ ಮೊದಲು ಇಂಥದ್ದೇ ಅಂತ ಒಂದು ವೇಷ ಇರಲಿಲ್ಲ. 1915ರಲ್ಲಿ ಆ ಗುಂಪನ್ನು ಹೊಗಳುವ ‘ದಿ ಬರ್ತ್ ಆಫ್ ಎ ನೇಷನ್’ ಸಿನಿಮಾ ಬಂತು, ಅದೇ ವರ್ಷ ಕ್ಲಾನ್ ಮತ್ತೆ ಹುಟ್ಟಿತು, ಚಿತ್ರದ ಬಿಳಿ ನಿಲುವಂಗಿ, ಉರಿಯುವ ಶಿಲುಬೆ ಎರಡನ್ನೂ ತನ್ನದು ಮಾಡಿಕೊಂಡಿತು. 2005ರಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿ ನಾಜಿ ತೋಳುಪಟ್ಟಿ ಕಟ್ಟಿಕೊಂಡು ಪಾರ್ಟಿಗೆ ಹೋದದ್ದು ಬಾಡಿಗೆ ವೇಷದಲ್ಲೇ. ಸಿಕ್ಕಸಿಕ್ಕವರಿಗೆ ಕೊಡಬಾರದು, ಅಷ್ಟು ಸರಿ. ಜರ್ಮನಿಯ ಕಾನೂನು ಇದನ್ನು ಸರಿಯಾಗಿ ಹಿಡಿದಿದೆ: ಅದೇ ಚಿಹ್ನೆ ಸಿನಿಮಾದಲ್ಲಿ ಕಲೆಯ ಕೆಲಸಕ್ಕೆ ಬಂದರೆ ತಕರಾರಿಲ್ಲ, ಬೀದಿಯಲ್ಲಿ ಹಾಕಿಕೊಂಡು ಮೆರೆದರೆ ಮೂರು ವರ್ಷದವರೆಗೆ ಜೈಲು.

ಆದರೆ ಸುಡಬೇಕು ಅನ್ನುವವರು ಡೇವಿಡ್ ಪಿಲ್‌ಗ್ರಿಮ್ ಅವರ ಕಥೆ ಕೇಳಬೇಕು. ಕಪ್ಪು ಜನಾಂಗದ ಈ ಮನುಷ್ಯ ಅಲಬಾಮಾದ ಮೊಬೀಲ್ ಊರಲ್ಲಿ ಹನ್ನೆರಡು ಹದಿಮೂರರ ಹುಡುಗನಾಗಿದ್ದಾಗ ಕಪ್ಪು ಜನರನ್ನು ಗೇಲಿ ಮಾಡುವ ಒಂದು ಪುಟ್ಟ ಗೊಂಬೆ ಕೊಂಡರು, ಉಪ್ಪಿನ ಡಬ್ಬಿ ಇರಬೇಕು. ದುಡ್ಡು ಕೊಟ್ಟು, ಮಾರಿದವನ ಕಣ್ಣೆದುರೇ ನೆಲಕ್ಕೆ ಅಪ್ಪಳಿಸಿ ಪುಡಿ ಮಾಡಿದರು. ನಿಮ್ಮ ಸಿಟ್ಟೇ ಅದು! ಮುಂದೆ ಅದೇ ಹುಡುಗ ಮೇಷ್ಟ್ರಾಗಿ ಅಂಥ ಸಾಮಾನನ್ನೇ ಸಾವಿರಗಟ್ಟಲೆ ಗುಡ್ಡೆ ಹಾಕಿ, ಮಿಷಿಗನ್ನಿನ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಇವತ್ತು ಅದು ಜಿಮ್ ಕ್ರೋ ಮ್ಯೂಸಿಯಂ; ಜಿಮ್ ಕ್ರೋ ಅಂದರೆ ಕಪ್ಪು ಜನರನ್ನು ಕಾನೂನಿನಿಂದಲೇ ಬೇರೆ ಇಟ್ಟಿದ್ದ ಅಮೆರಿಕದ ವ್ಯವಸ್ಥೆಯ ಹೆಸರು. ಮಕ್ಕಳನ್ನು ಕರೆತಂದು, ನೋಡಿ ನಮ್ಮನ್ನು ಹೀಗೆ ಮಾಡಿದ್ದರು ಅಂತ ತೋರಿಸಬಹುದು. ಬೂದಿ ತೋರಿಸಿ ಏನು ಪಾಠ ಮಾಡ್ತೀರಿ ಮೇಷ್ಟ್ರೇ?

ಒಂದು ಮಾತು, ಬೇಜಾರಾಗಬೇಡಿ. ನಾಜಿ ಕೋಟು ಕಂಡು ಪತ್ರ ಬರೆದಿರಿ. ನಮ್ಮದೇ ಹಳೇ ಸಿನಿಮಾಗಳಲ್ಲಿ ಕಾಡಿನ ಜನ ಅಂದರೆ ಮೈಗೆ ಮಸಿ, ತಲೆಗೆ ಗರಿ, ಕೈಗೊಂದು ಈಟಿ, ಬಾಯಲ್ಲಿ ಅರ್ಥವಿಲ್ಲದ ಕೂಗು. ಸೋಲಿಗರೋ ಜೇನುಕುರುಬರೋ ಯಾರೂ ಹಾಗಿರಲಿಲ್ಲ. ನಾವು ಸೀಟಿ ಹೊಡೆದು ನಕ್ಕೆವು, ಸಂಪಾದಕರಿಗೆ ಒಂದು ಕಾರ್ಡೂ ಬರಲಿಲ್ಲ. ಎತ್ತಿಡುವ ಅಭ್ಯಾಸವಂತೂ ನಮಗಿಲ್ಲವೇ ಇಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’, ಅದರದ್ದೇ ಒಂದು ಪ್ರತಿ ಉಳಿದಿಲ್ಲ. ಇನ್ನು ಗರಿ ಟೋಪಿಯನ್ನು ಯಾರು ಕಾಯುತ್ತಾರೆ?

ಯಾರ ಅಟ್ಟದ ಮೇಲಾದರೂ ಅಂಥದ್ದೊಂದು ಉಳಿದಿದ್ದರೆ, ದಯವಿಟ್ಟು ಗುಜರಿಗೆ ಹಾಕುವ ಮೊದಲು ನಮ್ಮ ಕಚೇರಿಗೆ ತಿಳಿಸಿ. ಬಂದು ತೆಗೆದುಕೊಂಡು ಹೋಗುವ ಖರ್ಚು ನಮ್ಮದು.