ಎಲ್ಲದಕ್ಕೂ ನಾವೇ ಮತ ಹಾಕಿದರೆ ಜಾಸ್ತಿ ಸ್ವತಂತ್ರರಾಗ್ತೀವಾ?

ಪ್ರಶ್ನೆ: ಕೆಲವು ವರ್ಷಕ್ಕೊಮ್ಮೆ ಮತ ಹಾಕಿ ಆಮೇಲೆ ಸುಮ್ನೆ ಕೂರುವುದು ನನಗೆ ಸ್ವಾತಂತ್ರ್ಯ ಅನ್ನಿಸುವುದಿಲ್ಲ. ಈಗ ಮೊಬೈಲ್ ಇದೆ. ಪ್ರತಿ ಕಾನೂನನ್ನೂ ಜನರೇ ನೇರವಾಗಿ ತೀರ್ಮಾನಿಸಿದರೆ ನಾವು ಹೆಚ್ಚು ಸ್ವತಂತ್ರರಾಗುವುದಿಲ್ಲವೇ?

ಉತ್ತರ: ನಿಮ್ಮ ಅಸಮಾಧಾನದಲ್ಲಿ ನಿಜ ಇದೆ. 1762ರಲ್ಲೇ ಚಿಂತಕ ರೂಸೋ ಇಂಗ್ಲೆಂಡಿನ ಜನರ ಬಗ್ಗೆ ಇದನ್ನೇ ಹೇಳಿದ್ದ. ಸಂಸತ್ತಿನ ಸದಸ್ಯರನ್ನು ಆರಿಸುವಾಗ ಮಾತ್ರ ಅವರು ಸ್ವತಂತ್ರರು, ಆರಿಸಿ ಮುಗಿದ ಕೂಡಲೇ ಗುಲಾಮರು ಎಂದು.

ಆದರೆ ನಿಮ್ಮ ಮಾತಿನೊಳಗೆ ಎರಡು ಪ್ರಶ್ನೆ ಸೇರಿಕೊಂಡಿವೆ. ತೀರ್ಮಾನ ಮಾಡುವವರು ಯಾರು ಅನ್ನುವುದು ಒಂದು. ಆ ತೀರ್ಮಾನ ನನ್ನ ಬದುಕಿನೊಳಗೆ ಎಲ್ಲಿವರೆಗೆ ಬರಬಹುದು ಅನ್ನುವುದು ಇನ್ನೊಂದು. ನೇರ ಮತದಾನ ಮೊದಲನೆಯದಕ್ಕಷ್ಟೇ ಉತ್ತರ ಕೊಡುತ್ತದೆ.

ಸ್ವಿಟ್ಜರ್ಲೆಂಡಿನ ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಪ್ರಾಂತ್ಯವನ್ನೇ ನೋಡಿ. ಅಲ್ಲಿ ಜನ ವರ್ಷಕ್ಕೊಮ್ಮೆ ಬಯಲಲ್ಲಿ ಸೇರಿ, ಕೈ ಎತ್ತಿ ಕಾನೂನು ಮಾಡುತ್ತಾರೆ. ಇದಕ್ಕಿಂತ ನೇರವಾದ ಪ್ರಜಾಪ್ರಭುತ್ವ ಸಿಗುವುದು ಕಷ್ಟ. ಆದರೆ ಬಹಳ ಕಾಲ ಆ ಕೈಗಳೆಲ್ಲ ಗಂಡಸರದ್ದೇ. ದೇಶದ ಮಟ್ಟದಲ್ಲಿ ಹೆಂಗಸರಿಗೆ 1971ರಲ್ಲೇ ಮತದ ಹಕ್ಕು ಸಿಕ್ಕಿತ್ತು. ಪ್ರಾಂತ್ಯದ ಸಭೆಯಲ್ಲಿ ಮಾತ್ರ ಬೇಡ ಅಂತ ಇಲ್ಲಿನ ಗಂಡಸರು 1990ರ ಏಪ್ರಿಲ್‌ನಲ್ಲೂ ತೀರ್ಮಾನಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಹೆಂಗಸರ ಪರ ತೀರ್ಪು ಕೊಟ್ಟಿತು. ನೆರೆಹೊರೆಯವರ ಬಹುಮತ ಕೊಡದೇ ಇದ್ದದ್ದನ್ನು ಸಂವಿಧಾನದ ಸಮಾನತೆ ಕೊಟ್ಟಿತು. ಈ ಕಥೆ ಓದಿದಾಗಲೆಲ್ಲ ನನಗೆ ಆ ಬಯಲಿನ ಹೊರಗೆ ನಿಂತಿದ್ದ ಹೆಂಗಸರೇ ಕಣ್ಣಮುಂದೆ ಬರುತ್ತಾರೆ.

ಎಲ್ಲರೆದುರು ಕೈ ಎತ್ತುವುದರಲ್ಲೇ ಇನ್ನೊಂದು ತೊಡಕಿದೆ. ಕೆಲಸ ಕೊಟ್ಟ ಧಣಿ ಪಕ್ಕದಲ್ಲೇ ನಿಂತಿದ್ದರೆ ಮನಸ್ಸಿಗೆ ಬಂದಂತೆ ಕೈ ಎತ್ತಲು ಆಗುತ್ತದಾ?

ಹಳೆಯ ಅಥೆನ್ಸ್‌ನಲ್ಲಿ ಜನ ಮಡಕೆ ಚೂರಿನ ಮೇಲೆ ಹೆಸರು ಗೀಚಿ, ಯಾವ ತಪ್ಪನ್ನೂ ಸಾಬೀತು ಮಾಡದೆ ಒಬ್ಬನನ್ನು ಹತ್ತು ವರ್ಷ ಊರು ಬಿಡಿಸಬಹುದಿತ್ತು. 1819ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ ಭಾಷಣದಲ್ಲಿ ಬೆಂಜಮಿನ್ ಕಾನ್‌ಸ್ಟಂಟ್ ಎಂಬ ರಾಜಕೀಯ ಚಿಂತಕ ಇದನ್ನೇ ಎತ್ತಿ ತೋರಿಸಿದ. ಹಿಂದಿನವರಿಗೆ ಸ್ವಾತಂತ್ರ್ಯ ಅಂದರೆ ಅಧಿಕಾರದಲ್ಲಿ ಪಾಲು, ಈಗಿನವರಿಗೆ ತಮ್ಮ ಪಾಡಿಗೆ ಬದುಕುವ ಜಾಗ ಅಂದ. ಪ್ರತಿನಿಧಿಗಳನ್ನು ಅವನು ಶ್ರೀಮಂತರು ಇಟ್ಟುಕೊಳ್ಳುವ ಕಾರುಭಾರಿಗೆ ಹೋಲಿಸಿದ. ಕಾರುಭಾರಿಯ ಲೆಕ್ಕ ನೋಡದೆ ಬಿಟ್ಟರೆ ಮನೆ ಹಾಳು ಅಂತಲೂ ಎಚ್ಚರಿಸಿದ. ನಿಮ್ಮ ದೂರು ನಿಜಕ್ಕೂ ಇದೇ ಅಲ್ವಾ, ಲೆಕ್ಕ ನೋಡುವ ದಾರಿ ಇಲ್ಲ ಅನ್ನುವುದು?

ಮೊಬೈಲ್ ಮತದಾನ ಆ ದಾರಿ ಅಂತ ನನಗೆ ಅನ್ನಿಸುವುದಿಲ್ಲ. ಹೌದು, ಇಲ್ಲ ಎಂದು ಒತ್ತುವವರು ನಾವು. ಪ್ರಶ್ನೆ ಬರೆಯುವವರು ಯಾರು? ದಿನಕ್ಕೆ ಹತ್ತು ಪ್ರಶ್ನೆ ಬಂದರೆ, ಬಿಡುವಿದ್ದವರಷ್ಟೇ ಉತ್ತರಿಸುತ್ತಾರೆ.

ನನಗೆ ಹಿಡಿಸುವುದು ಸ್ವಿಟ್ಜರ್ಲೆಂಡಿನ ಇನ್ನೊಂದು ವ್ಯವಸ್ಥೆ. ಕಾನೂನು ಮಾಡುವುದು ಸಂಸತ್ತೇ. ಆದರೆ 100 ದಿನದೊಳಗೆ 50,000 ಮತದಾರರು ಸಹಿ ಹಾಕಿದರೆ ಅದು ಜನರ ಮುಂದೆ ಮತಕ್ಕೆ ಬರಲೇಬೇಕು. ಕಾರುಭಾರಿಗೆ ಕೆಲಸವೂ ಇದೆ, ಭಯವೂ ಇದೆ. ಇದರ ಜೊತೆಗೆ ಮತಕ್ಕೆ ಹಾಕಬಾರದ ವಿಷಯಗಳ ಗೆರೆಯೂ ಗಟ್ಟಿಯಾಗಿರಬೇಕು. ಏಕೆಂದರೆ 2009ರಲ್ಲಿ ಅದೇ ದೇಶದಲ್ಲಿ ಮತ ಹಾಕಿದ ಶೇ 57ಕ್ಕೂ ಹೆಚ್ಚು ಜನ ಮಸೀದಿಗಳಿಗೆ ಹೊಸ ಮಿನಾರ್ (ಗೋಪುರ) ಕಟ್ಟಬಾರದು ಅಂತ ತೀರ್ಮಾನಿಸಿ, ಒಂದು ಧರ್ಮದವರ ಮೇಲೆ ಮಾತ್ರ ಆ ನಿಷೇಧ ಹೇರಿದರು.