ಮೇಲ್ಮನೆ ಒಬ್ಬರ ಕೈಲಿ, ಕೆಳಮನೆ ಇನ್ನೊಬ್ಬರ ಕೈಲಿ: ಇದರಿಂದ ಲಾಭ ಇದೆಯಾ?

ವಿಧಾನಸಭೆಯಲ್ಲಿ ಒಂದು ಪಕ್ಷಕ್ಕೆ ಬಹುಮತ ಇದ್ದು, ವಿಧಾನ ಪರಿಷತ್ತಿನಲ್ಲಿ ವಿರೋಧಿಗಳ ಕೈ ಮೇಲಾಗಿದ್ದರೆ ಶಾಸಕಾಂಗಕ್ಕೆ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ದೀರಿ. ಒಳ್ಳೇದಾಗಬಹುದು. ಆದರೆ ಮೇಲ್ಮನೆಗೆ ಸಿಗೋ ಸಮಯವನ್ನು ಅದು ಹೇಗೆ ಬಳಸುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಕರ್ನಾಟಕದಲ್ಲಿ ಆ ಸಮಯ ಬಹುಪಾಲು ವ್ಯರ್ಥವಾಗಿದೆ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಈ ಪರಿಸ್ಥಿತಿ ಹೇಗೆ ಹುಟ್ಟುತ್ತೆ ನೋಡೋಣ. ಸಭೆಯ 224 ಶಾಸಕರನ್ನು ನಾವು ಒಂದೇ ಸಲ ಆರಿಸ್ತೀವಿ. ಪರಿಷತ್ತಿನ 75 ಜನ ಹಾಗೆ ಬರೋದಿಲ್ಲ. 25 ಜನರನ್ನು ಶಾಸಕರು, 25 ಜನರನ್ನು ಪಂಚಾಯಿತಿ ಮತ್ತು ನಗರಸಭೆಗಳ ಸದಸ್ಯರು ಆರಿಸುತ್ತಾರೆ. ಪದವೀಧರರಿಂದ 7, ಶಿಕ್ಷಕರಿಂದ 7, ನಾಮನಿರ್ದೇಶನದಿಂದ 11. ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ಹಾಗಾಗಿ 2023ರಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು ಬಂದರೂ ಪರಿಷತ್ತಿನಲ್ಲಿ ಹಳೇ ಲೆಕ್ಕವೇ ನಡೀತಿತ್ತು. ಅದಕ್ಕೂ ಮುಂಚೆ ಬಿಜೆಪಿ ಸರ್ಕಾರಕ್ಕೂ ಇದೇ ತಲೆನೋವು.

ಈಗ ಅಸಲಿ ವಿಷಯ. ಪರಿಷತ್ತಿಗೆ ಮಸೂದೆಯನ್ನು ಶಾಶ್ವತವಾಗಿ ತಡೆಯೋ ಅಧಿಕಾರ ಇಲ್ಲ. ಸಂವಿಧಾನದ 197ನೇ ವಿಧಿ ಪ್ರಕಾರ ಅದು ಮೊದಲ ಸಲ ಮೂರು ತಿಂಗಳು ಇಟ್ಟುಕೊಳ್ಳಬಹುದು. ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು. ಅಷ್ಟೇ. ಸಂಸತ್ತಿನಲ್ಲಿರುವಂಥ ಜಂಟಿ ಅಧಿವೇಶನ ರಾಜ್ಯಗಳಲ್ಲಿ ಇಲ್ಲ, ಕೊನೆಗೆ ಸಭೆಯದ್ದೇ ನಡೆಯುತ್ತೆ. ಹಣಕಾಸು ಮಸೂದೆಗಂತೂ 14 ದಿನ ಮಾತ್ರ. ಅದಕ್ಕೇ ನಮ್ಮಲ್ಲಿ ಪರಿಷತ್ತಿನ ಹಟದಿಂದ ಬಜೆಟ್ ನಿಲ್ಲೋದಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 2011ರ ಜುಲೈನಲ್ಲಿ ಗವರ್ನರ್ ಒಂದು ಪಕ್ಷ, ಶಾಸಕಾಂಗ ಇನ್ನೊಂದು ಪಕ್ಷ ಆಗಿ, ಬಜೆಟ್ ಒಪ್ಪಂದ ಆಗದೆ ಸರ್ಕಾರಿ ಕಚೇರಿಗಳು 20 ದಿನ ಬಾಗಿಲು ಹಾಕಿದ್ದವು. ಆ ಭಯ ನಮಗಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಟಿವಿ ಚರ್ಚೆಗಳಲ್ಲಿ ಯಾರೂ ಹೇಳೋದಿಲ್ಲ. ಪರಿಷತ್ತು ಮಸೂದೆಯನ್ನು ಸೋಲಿಸಿಬಿಟ್ಟರೆ ವಿಧಾನಸಭೆ ಆ ಮೂರು ತಿಂಗಳು ಕಾಯಲೇಬೇಕಿಲ್ಲ. ತಿರಸ್ಕಾರ ಆದ ಕೂಡಲೇ ಮತ್ತೆ ಅಂಗೀಕರಿಸಬಹುದು. ಅಂದರೆ ಜೋರಾಗಿ "ಇಲ್ಲ" ಅಂದಷ್ಟೂ ಪರಿಷತ್ತಿನ ಕೈಯಲ್ಲಿ ಉಳಿಯೋ ಸಮಯ ಕಡಿಮೆ. 2024ರ ಫೆಬ್ರವರಿಯಲ್ಲಿ ಮುಜರಾಯಿ ತಿದ್ದುಪಡಿ ಮಸೂದೆಗೆ ಆದದ್ದು ಇದೇ. ವರ್ಷಕ್ಕೆ ಒಂದು ಕೋಟಿಗಿಂತ ಜಾಸ್ತಿ ಆದಾಯ ಇರೋ ದೇವಸ್ಥಾನಗಳಿಂದ ಶೇ 10, ಹತ್ತು ಲಕ್ಷದಿಂದ ಒಂದು ಕೋಟಿವರೆಗಿನವುಗಳಿಂದ ಶೇ 5 ಸಾಮಾನ್ಯ ನಿಧಿಗೆ ಅನ್ನೋ ಮಸೂದೆ. ಬಿಜೆಪಿ, ಜೆಡಿಎಸ್ ಸೇರಿ ಪರಿಷತ್ತಿನಲ್ಲಿ ಧ್ವನಿಮತದಿಂದ ಬೀಳಿಸಿದವು. ಮರುದಿನ ಪತ್ರಿಕೆಗಳಲ್ಲಿ ಸರ್ಕಾರಕ್ಕೆ ಮುಖಭಂಗ. ಒಂದು ವಾರದೊಳಗೆ ವಿಧಾನಸಭೆ ಅದನ್ನೇ ಮತ್ತೆ ಅಂಗೀಕರಿಸಿತು. ಆಮೇಲೆ ಅದಕ್ಕೆ ತಡೆ ಬಿದ್ದದ್ದು ರಾಜಭವನದಲ್ಲಿ. ರಾಜ್ಯಪಾಲರು ವಿವರಣೆ ಕೇಳಿ ವಾಪಸ್ ಕಳಿಸಿದರು. ಪರಿಷತ್ತು ಗಳಿಸಿದ್ದು ಒಂದು ದಿನದ ಸುದ್ದಿ.

ಸರ್ಕಾರಗಳೂ ಕಮ್ಮಿ ಇಲ್ಲ. ಮೇಲ್ಮನೆಯಲ್ಲಿ ಸಂಖ್ಯೆ ಸಾಲದಿದ್ದರೆ ಚೌಕಾಸಿಗೆ ಕೂರೋ ಬದಲು ಸುಗ್ರೀವಾಜ್ಞೆ ತರ್ತಾರೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ತಡೆ ಮಸೂದೆಗೆ ಸಭೆ ಒಪ್ಪಿತು. ಪರಿಷತ್ತಿನಲ್ಲಿ ಮಂಡಿಸಲೇ ಇಲ್ಲ. ಮೇ 2022ಕ್ಕೆ ಸುಗ್ರೀವಾಜ್ಞೆ ಬಂತು. ಸೆಪ್ಟೆಂಬರ್‌ನಲ್ಲಿ ಸಂಖ್ಯೆ ಕೂಡಿಬಂದ ಮೇಲೆ ಪರಿಷತ್ತಿನಲ್ಲೂ ಪಾಸಾಯಿತು. ಆ ಕಾನೂನು ಸರಿಯೋ ತಪ್ಪೋ ಬೇರೆ ಮಾತು. ಒಂಬತ್ತು ತಿಂಗಳು ಹೋದರೂ ಮೇಲ್ಮನೆಯ ಅನುಮಾನಗಳಿಗೆ ಉತ್ತರ ಹೇಳೋ ಗೋಜಿಗೇ ಯಾರೂ ಹೋಗಲಿಲ್ಲವಲ್ಲ, ನನ್ನ ತಕರಾರು ಅದು.

ಗೋಹತ್ಯೆ ನಿಷೇಧ ಮಸೂದೆಯದ್ದು ಇನ್ನೂ ಕೆಟ್ಟ ಕಥೆ. 2020ರ ಡಿಸೆಂಬರ್‌ನಲ್ಲಿ ಸಭೆ ಅಂಗೀಕರಿಸಿತು. ಪರಿಷತ್ತಿನಲ್ಲಿ ಬಿಜೆಪಿಗೆ ಸ್ವಂತ ಬಹುಮತ ಇರಲಿಲ್ಲ, ಸಭಾಪತಿ ಪ್ರತಾಪಚಂದ್ರ ಶೆಟ್ಟಿ ಕಾಂಗ್ರೆಸ್‌ನವರು. ಮಸೂದೆ ಕೈಗೆತ್ತಿಕೊಳ್ಳದೆ ಸದನ ಮುಂದೂಡಿದರು. ಬಿಜೆಪಿ ಅವರನ್ನು ಕೆಳಗಿಳಿಸಲು ಹೊರಟಿತು. ಡಿಸೆಂಬರ್ 15ರಂದು ಸಭಾಪತಿ ಬರೋ ಮುಂಚೆಯೇ ಉಪಸಭಾಪತಿ, ಜೆಡಿಎಸ್‌ನ ಧರ್ಮೇಗೌಡರು ಪೀಠದಲ್ಲಿ ಕೂತರು. ಕಾಂಗ್ರೆಸ್ ಸದಸ್ಯರು ಅವರನ್ನು ಪೀಠದಿಂದ ಎಳೆದು ಇಳಿಸಿದರು. "ಹಿರಿಯರ ಮನೆ" ಅಂತ ಕರೀತೀವಿ ಅಲ್ವಾ, ಇಡೀ ರಾಜ್ಯ ಟಿವಿಯಲ್ಲಿ ಅದನ್ನು ನೋಡಿತು. ಜನವರಿಯಲ್ಲಿ ಸುಗ್ರೀವಾಜ್ಞೆ. 2021ರ ಫೆಬ್ರವರಿ 8ರಂದು ಗದ್ದಲದ ನಡುವೆ ಧ್ವನಿಮತದಲ್ಲಿ ಮಸೂದೆ ಪಾಸು. ಮರುದಿನವೇ ಬಿಜೆಪಿ ಬೆಂಬಲದಿಂದ ಜೆಡಿಎಸ್‌ನ ಬಸವರಾಜ ಹೊರಟ್ಟಿ ಸಭಾಪತಿ ಆದರು. ಒಳಗೆ ಏನು ಮಾತಾಯಿತೋ ನಾನು ಊಹಿಸಲು ಹೋಗಲ್ಲ. ತೂಕ ಸಮ ಇದ್ದಾಗ ತಕ್ಕಡಿ ಮುಳ್ಳು ಹಿಡಿದವರಿಗೆ ಬೆಲೆ ಬರುತ್ತೆ, ಆ ದಿನಗಳಲ್ಲಿ ಮುಳ್ಳು ಜೆಡಿಎಸ್ ಕೈಲಿತ್ತು.

ಹಾಗಂತ ಲಾಭವೇ ಇಲ್ಲ ಅನ್ನಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೈಗಾರಿಕಾ ವಿವಾದ ತಿದ್ದುಪಡಿ ಮಸೂದೆ ಪರಿಷತ್ತಿಗೆ ಬಂತು. ಕೆಲಸಗಾರರನ್ನು ತೆಗೆಯೋಕೆ, ಕಾರ್ಖಾನೆ ಮುಚ್ಚೋಕೆ ಸರ್ಕಾರದ ಅನುಮತಿ ಬೇಕು ಅನ್ನೋ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸೋ ಮಸೂದೆ. ಕೋವಿಡ್ ಕಾಲ, ಬೀದಿಗಿಳಿದು ಪ್ರತಿಭಟನೆ ಮಾಡೋದೂ ಕಷ್ಟ. ಕಾಂಗ್ರೆಸ್, ಜೆಡಿಎಸ್ ಸೇರಿ ಸೋಲಿಸಿದವು. ವಿಧಾನಸಭೆಯೊಂದೇ ಇದ್ದಿದ್ದರೆ ಅದು ಅವತ್ತೇ ಪಾಸಾಗಿರುತ್ತಿತ್ತು.

ಸರ್ಕಾರಗಳು ನಿಜಕ್ಕೂ ಹೆದರೋದು ಸೋಲಿಗಲ್ಲ, ಪರಿಶೀಲನಾ ಸಮಿತಿಗೆ. ಪಕ್ಕದ ಆಂಧ್ರ ನೋಡಿ. 2020ರ ಜನವರಿಯಲ್ಲಿ ರಾಜ್ಯಕ್ಕೆ ಮೂರು ರಾಜಧಾನಿ ಮಾಡೋ ಮಸೂದೆಗಳು ವಿರೋಧ ಪಕ್ಷ ಟಿಡಿಪಿ ಬಹುಮತದ ಪರಿಷತ್ತಿಗೆ ಬಂದವು. ಸಭಾಪತಿ ಸಮಿತಿಗೆ ಒಪ್ಪಿಸಿದರು. ಆಗಿನ ಮುಖ್ಯಮಂತ್ರಿ ಜಗನ್ ಸರ್ಕಾರಕ್ಕೆ ಎಷ್ಟು ಸಿಟ್ಟು ಬಂತು ಅಂದರೆ, ಒಂದು ವಾರದೊಳಗೆ ಪರಿಷತ್ತನ್ನೇ ರದ್ದು ಮಾಡಿ ಅಂತ ವಿಧಾನಸಭೆಯಲ್ಲಿ ನಿರ್ಣಯ ಪಾಸಾಯಿತು! ಸಮಿತಿ ರಚನೆಯಾಗಲೇ ಇಲ್ಲ, ಮಸೂದೆಗಳಿಗೆ ಜುಲೈನಲ್ಲಿ ರಾಜ್ಯಪಾಲರ ಅಂಕಿತವೂ ಬಿತ್ತು. 2021ರ ನವೆಂಬರ್‌ನಲ್ಲಿ, ತಮ್ಮ ಸದಸ್ಯರು ಮೇಲ್ಮನೆಯಲ್ಲಿ ಹೆಚ್ಚಾದ ಮೇಲೆ, ರದ್ದತಿಯ ನಿರ್ಣಯವನ್ನು ಸುಮ್ನೆ ವಾಪಸ್ ತಗೊಂಡರು.

ಸಮಿತಿಗೆ ಹೋದ ಮಸೂದೆಯ ಒಂದೊಂದು ಕಲಮನ್ನೂ ಕೂತು ಓದಬೇಕು, ಅಧಿಕಾರಿಗಳನ್ನು ಕರೆಸಿ ಕೇಳಬೇಕು. ಗದ್ದಲ ಮಾಡಿ ಧ್ವನಿಮತ ಹಾಕಿಸೋದಕ್ಕಿಂತ ಅದು ಬೇಸರದ ಕೆಲಸ. ವಿರೋಧ ಪಕ್ಷಗಳು ಅದನ್ನು ಮಾಡಿದರೆ ನಿಮ್ಮ ಪ್ರಶ್ನೆಗೆ ನಾನು ಧೈರ್ಯವಾಗಿ "ಹೌದು, ಒಳ್ಳೇದು" ಅಂತೀನಿ.

ಇನ್ನೊಂದು ಮಾತು, ನೀವು ಪದವಿ ಮುಗಿಸಿ ಮೂರು ವರ್ಷ ಆಗಿದ್ದರೆ ಪರಿಷತ್ತಿಗೆ ನೇರವಾಗಿ ಮತ ಹಾಕಬಹುದು. ಹಳೇ ಪಟ್ಟಿಯಲ್ಲಿ ಹೆಸರಿದ್ದರೂ ನಡೆಯೋದಿಲ್ಲ, ಪ್ರತಿ ಚುನಾವಣೆಗೂ ಹೊಸದಾಗಿ ಫಾರಂ 18 ತುಂಬಿ ಕೊಡಬೇಕು. ಬಹಳ ಜನ ತಪ್ಪಿಸಿಕೊಳ್ಳೋದು ಅಲ್ಲೇ.